ಗಾಳಿಯನ್ನು ಸೀಳುವ ವಿದ್ಯೆ ಯಾರ ಸ್ವತ್ತು?

ಉಚ್ಚಂಗಿದುರ್ಗದ ಬೆಟ್ಟ ಹತ್ತಿದವರಿಗೆ ಗಾಳಿಯ ಬಲವೆಂಥದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಭರತ ಹುಣ್ಣಿಮೆಗೆ ಎಲ್ಲಮ್ಮನ ದರ್ಶನಕ್ಕೆ ಹೋಗುವ ಜನ ಎದುರುಗಾಳಿ ಬೀಸಿದರೆ ತಲೆ ತಗ್ಗಿಸಿ, ಮೈ ಓರೆ ಮಾಡಿ ಮೆಟ್ಟಿಲೇರುತ್ತಾರೆ. ಈ ವಿದ್ಯೆ ಬಡವನಿಗೆ ಮೈಗತವಾದುದು. ಅದೇ ವಿದ್ಯೆಯನ್ನು ಮೋಟಾರಿಗೆ ತೊಡಿಸಿದಾಗ ಅದರ ಫಲ ಯಾರಿಗೆ ದಕ್ಕಿತು?

ಲೆಕ್ಕ ಸರಳವಾದುದು. ಗಾಡಿಯ ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಎತ್ತಿನ ಬಂಡಿಗೆ ಇದು ಬಾಧಕವಲ್ಲ. ಹೆದ್ದಾರಿಯ ಲಾರಿಗೆ ಬಾಧಕ. 1921ರಲ್ಲೇ ಬರ್ಲಿನ್ನಿನ ಪ್ರದರ್ಶನದಲ್ಲಿ ವಿಮಾನ ಕಟ್ಟುತ್ತಿದ್ದ ರುಂಪ್ಲರ್ ಎಂಬಾತ ನೀರ ಹನಿಯ ಆಕಾರದ ಕಾರೊಂದನ್ನು ಇಟ್ಟ. ಸುಮಾರು ನೂರು ಕಾರು ತಯಾರಾದವು. ಕೆಲವು ಬಾಡಿಗೆ ಕಾರುಗಳಾಗಿ ಓಡಿದವು. 1979ರಲ್ಲಿ ಜರ್ಮನರು ಅದನ್ನು ಪರೀಕ್ಷೆಗೆ ಒಡ್ಡಿದಾಗ ಗಾಳಿತಡೆಯ ಅಂಕ 0.28 ಬಂತು. ಆ ವರ್ಷದ ಹೊಸ ಕಾರುಗಳಲ್ಲಿಯೂ ಹೆಚ್ಚಿನವು ಅದಕ್ಕೆ ಸರಿಗಟ್ಟಿರಲಿಲ್ಲ! ಅರ್ಧ ಶತಮಾನಕ್ಕೂ ಮಿಗಿಲಾಗಿ ಆ ಅರಿವು ಕಪಾಟಿನಲ್ಲಿ ಕೊಳೆಯಿತು.

ಬಂಡವಾಳಗಾರರು ಅದನ್ನು ಒಯ್ದದ್ದು ಬೇರೆಡೆಗೆ. 1933ರಲ್ಲಿ ಅಮೆರಿಕದ ಪಿಯರ್ಸ್-ಆರೋ ಕಂಪನಿ 'ಸಿಲ್ವರ್ ಆರೋ' ಎಂಬ ನುಣುಪು ಮೈಯ ಕಾರನ್ನು ಹೊರತಂದಿತು. ಬೆಲೆ ಹತ್ತು ಸಾವಿರ ಡಾಲರ್; ಕಟ್ಟಿದ್ದು ಐದೇ ಐದು. ಅದೇ ವರ್ಷ ಆ ದೇಶದ ದುಡಿಯುವವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಐದು ವರ್ಷದಲ್ಲಿ ಕಂಪನಿಯೇ ಮುಚ್ಚಿತು. ಫ್ರಾನ್ಸಿನಲ್ಲಿ ಫಿಗೋನಿ ಮತ್ತು ಫಲಾಸ್ಕಿಯವರು ಟಾಲ್ಬೋ ಕಾರಿಗೆ ಹನಿಯಾಕಾರದ ಮೈ ಬಡಿದರು. ಅಂಥದೊಂದು ಕಪೂರ್ತಲಾ ಮಹಾರಾಣಿಯ ಕೈ ಸೇರಿತು. ರೈತನ ಕಂದಾಯ ಪ್ಯಾರಿಸ್ಸಿನ ಬೀದಿಯಲ್ಲಿ ಗಾಳಿ ಸೀಳಿತು!

ನಮ್ಮ ಹರಪನಹಳ್ಳಿ ಸೀಮೆ ಆಗ ಮದರಾಸಿಗೆ ಸೇರಿತ್ತು. ನೆರೆಯ ಮೈಸೂರಿನ ಮಹಾರಾಜರು ರೋಲ್ಸ್-ರಾಯ್ಸ್‌ಗಳನ್ನು ಏಳೇಳಾಗಿ ಕೊಳ್ಳುತ್ತಿದ್ದರೆಂಬ ಮಾತು ಜಗತ್ಪ್ರಸಿದ್ಧ. ಅದೇ ನಾಡಿನ ವಿಶ್ವೇಶ್ವರಯ್ಯನವರು 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಮೋಟಾರು ಕಾರಖಾನೆಯ ಯೋಜನೆ ಹಿಡಿದು ಯೂರೋಪು ಅಮೆರಿಕಗಳನ್ನು ಸುತ್ತಿ ಬಂದರು. ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಕಡೆಗೆ ವಾಲಚಂದರ ಕಾರಖಾನೆ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಕಾರು ಕೊಳ್ಳುವುದಕ್ಕೆ ಅಡ್ಡಿಯಿರಲಿಲ್ಲ. ಕಾರು ಮಾಡುವುದಕ್ಕೆ ಮಾತ್ರ ಅಡ್ಡಿ!

"ಸಿರಿವಂತರು ಮೊದಲು ಕೊಳ್ಳಲಿ, ಆಮೇಲೆ ಬಡವರಿಗೂ ಇಳಿದು ಬರುತ್ತದೆ" ಎಂದು ಕೆಲವರು ವಾದಿಸುತ್ತಾರೆ. ಇಳಿದು ಬಂತು, ನಿಜ. ಆದರೆ ಯಾವಾಗ? 1973ರಲ್ಲಿ ಎಣ್ಣೆಯ ಬೆಲೆ ಏರಿ ಕಂಪನಿಗಳಿಗೇ ಬಿಸಿ ತಟ್ಟಿದ ಮೇಲೆ. ಬಡವನ ಜೇಬಿನ ಮೇಲಿನ ಕನಿಕರದಿಂದಲ್ಲ.

ವರ್ತಕ ಬಾಂಧವರೇ, ಪೆಟ್ಟಿಗೆಯಂಥ ಲಾರಿ ಗಾಳಿಯನ್ನು ನೂಕಲು ಸುಡುವ ಡೀಸೆಲ್ಲಿನ ದುಡ್ಡು ಯಾರ ತಲೆಗೆ ಬೀಳುತ್ತದೆ? ನಿಮ್ಮ ಮೆಕ್ಕೆಜೋಳದ ಚೀಲದ ಬಾಡಿಗೆಗೆ, ನಿಮ್ಮ ಅಂಗಡಿಯ ಬೇಳೆಯ ದರಕ್ಕೆ. ಗಿರಣಿಯ ಸೋದರರೇ, ಹತ್ತಿಯ ದೂಳು ಕುಡಿದು ಎದೆ ಕೆಡಿಸಿಕೊಂಡವರು ನೀವು. ಗಾಳಿಯ ಶಾಸ್ತ್ರ ಮಹಾರಾಣಿಯ ಕಾರಿಗೆ ತಲಪಿದ ಅವಸರದಲ್ಲಿ ನಿಮ್ಮ ಉಸಿರಿಗೆ ಏಕೆ ತಲಪಲಿಲ್ಲ?

ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ, 1959ರಲ್ಲಿ ಸ್ಥಾಪನೆಯಾದ ವಿಮಾನಶಾಸ್ತ್ರದ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಗಾಳಿ ಸುರಂಗಗಳಿವೆ. ಅವು ಜನರ ತೆರಿಗೆಯಿಂದ ನಡೆಯುವಂಥವು. ಅಲ್ಲಿ ಉಚ್ಚಂಗಿದುರ್ಗಕ್ಕೆ ಬರುವ ಬಸ್ಸಿನ ಮೈಯನ್ನೂ, ಸರಕಿನ ಲಾರಿಯ ಮೈಯನ್ನೂ ಇಟ್ಟು ನೋಡಲಿ. ಉಳಿದ ಎಣ್ಣೆಯ ಲಾಭ ಟಿಕೇಟಿನ ದರದಲ್ಲಿ ಕಾಣಲಿ.

ಗಾಳಿಗೆ ಒಡೆಯನಿಲ್ಲ. ಗಾಳಿಯನ್ನು ಗೆಲ್ಲುವ ವಿದ್ಯೆಗೂ ಒಡೆಯನಿರಕೂಡದು.