ಬೀಜದ ಜೋಳ ಬೇರೆ, ಉಣ್ಣೋ ಜೋಳ ಬೇರೆ

ನಮ್ಮ ಹಿರಿಯರು ಉಣ್ಣೋ ಜೋಳವನ್ನು ಹಗೇವಿಗೆ ಹಾಕುತ್ತಿದ್ದರು. ಬೀಜಕ್ಕೆ ಒಳ್ಳೆ ತೆನೆ ಆರಿಸಿ ಬೇರೆ ಕಟ್ಟಿಡುತ್ತಿದ್ದರು. ಎಂಥ ಬರ ಬಂದರೂ ಅದಕ್ಕೆ ಕೈ ಹಾಕುತ್ತಿರಲಿಲ್ಲ. ಬ್ಯಾಂಕಿನ ಹಣಕ್ಕೂ ಇದೇ ಪದ್ಧತಿ ಬೇಕು ಅನ್ನೋದು ನನ್ನ ಅಭಿಪ್ರಾಯ. ಇದನ್ನು ನಾನು ಕಲಿತದ್ದು ಹದಿನೈದು ಸಾವಿರ ಕಳಕೊಂಡ ಮೇಲೆ.

ಹೋದ ವರ್ಷ ಎರಡು ಟ್ರ್ಯಾಕ್ಟರ್ ಜೋಳದ ಮೇವು ಮಾರೋದಿತ್ತು. ಮಗ ಅದರ ಫೋಟೋ ಮೊಬೈಲಿನಲ್ಲಿ ಹಾಕಿದ. ಮರುದಿನವೇ ಒಬ್ಬಾತ ಫೋನ್ ಮಾಡಿ, "ಅಣ್ಣಾ, ನೀವು ಹೇಳಿದ ರೇಟೇ ಆಗಲಿ, ಮುಂಗಡ ಈಗಲೇ ಹಾಕ್ತೀನಿ" ಅಂದ. ಚೌಕಾಸಿ ಮಾಡದ ಗಿರಾಕಿ! ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಮೊದಲು ಹತ್ತು ರೂಪಾಯಿ ಕಳಿಸಿ ನಂಬಿಕೆ ಹುಟ್ಟಿಸಿದ. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಬರುತ್ತೆ ಅಂದ. ಒತ್ತಿದೆ. ಐದು ಸಾವಿರ ಹೋಯಿತು. "ತಪ್ಪಾಯ್ತು, ಎಲ್ಲಾ ಸೇರಿಸಿ ವಾಪಸ್ ಹಾಕ್ತೀನಿ" ಅಂತ ಇನ್ನೊಂದು ಕಳಿಸಿದ. ಮತ್ತೆ ಹತ್ತು ಸಾವಿರ ಹೋಯಿತು. ಅದು ಹತ್ತಿ ಬೀಜ, ಗೊಬ್ಬರಕ್ಕೆ ಇಟ್ಟಿದ್ದ ದುಡ್ಡು.

ಯುಪಿಐ ಬಂದದ್ದು 2016ರಲ್ಲಿ. ಇಷ್ಟು ವರ್ಷವಾದರೂ ಒಂದು ಮಾತು ನನ್ನಂಥವರ ತಲೆಗೆ ಇಳಿದಿರಲಿಲ್ಲ: ಹಣ ಕೊಡೋಕೆ ಪಿನ್ ಬೇಕು, ಹಣ ತಗೊಳ್ಳೋಕೆ ಬೇಡ. ಹಣ ಬರುತ್ತೆ, ಪಿನ್ ಒತ್ತು ಅಂದವನು ಕಳ್ಳನೇ.

ಎಲ್ಲರೂ ಹುಷಾರಾಗಿರಿ ಅಂತಾರೆ. ಆದರೆ ಬಿತ್ತೋ ಹೊತ್ತಿನಲ್ಲಿ ಕೂರಿಗೆ ಹಿಂದೆ ನಡೆಯುವವ ಎಷ್ಟಂತ ಹುಷಾರಾಗಿರೋದು? ಕಳ್ಳರಿಗೂ ಒಂದೇ ದಾರಿ ಅಲ್ಲ. ಹಣ ಕೇಳಿ ಒಬ್ಬರು ಇನ್ನೊಬ್ಬರಿಗೆ ರಿಕ್ವೆಸ್ಟ್ ಕಳಿಸೋದು 2025ರ ಅಕ್ಟೋಬರ್ 1ರಿಂದ ನಿಂತಿದೆ. ಆದರೆ ಪಿಎಂ ಕಿಸಾನ್ ಹೆಸರಿನಲ್ಲಿ ವಾಟ್ಸಾಪಿಗೆ ಎಪಿಕೆ ಫೈಲ್ ಬರುತ್ತೆ. ಎರಡು ಸಾವಿರದ ಕಂತಿನ ಆಸೆಗೆ ಅದನ್ನು ಒತ್ತಿ ಒಳಗೆ ಬಿಟ್ಟುಕೊಂಡರೆ, ಫೋನಿಗೆ ಬರೋ ಓಟಿಪಿ ಕಳ್ಳನ ಕೈಗೂ ಸಿಗಬಹುದು. ಅದಕ್ಕೇ ನಾನು ಹೇಳೋದು, ಬರೀ ಕಾವಲು ಸಾಲದು, ಬೇಲಿ ಬೇಕು.

ನಾನು ಮಾಡಿಕೊಂಡ ಬೇಲಿ ಇಷ್ಟೇ. ಬೆಳೆಸಾಲ, ಫಸಲಿನ ಹಣ ಬರೋ ಖಾತೆಯನ್ನು ಫೋನ್‌ಪೇ, ಗೂಗಲ್‌ಪೇ ಯಾವುದಕ್ಕೂ ಸೇರಿಸಿಲ್ಲ. ಆ ಖಾತೆಗೆ ಕೊಟ್ಟ ನಂಬರಿನ ಸಿಮ್ಮು ಹಳೇ ಬಟನ್ ಫೋನಿನಲ್ಲಿದೆ. ಅದರಲ್ಲಿ ಎಪಿಕೆ ನಡೆಯೋದಿಲ್ಲ. ದೊಡ್ಡ ಫೋನಿಗೆ ಬೇರೆ ಸಿಮ್ಮು, ಬೇರೆ ಖಾತೆ. ಅದರಲ್ಲಿ ಎರಡು ಮೂರು ಸಾವಿರದ ಮೇಲೆ ಇಡೋದಿಲ್ಲ. ಸಂತೆ, ಡೀಸೆಲ್, ಕೂಲಿ ಎಲ್ಲಾ ಅದರಿಂದಲೇ. ಹೋದರೆ ಅಷ್ಟೇ ಹೋದೀತು, ಬೀಜ ಉಳಿಯುತ್ತೆ.

ಎರಡು ಖಾತೆಗೆ ಖರ್ಚು ಅಂತ ಕೆಲವರು ಆಕ್ಷೇಪಿಸುತ್ತಾರೆ. ಜನಧನ ಖಾತೆಯಲ್ಲಿ ಕನಿಷ್ಠ ಇಷ್ಟು ಹಣ ಇರಲೇಬೇಕು ಅಂತಿಲ್ಲ. ಮನೆಯಲ್ಲಿ ಯಾರ ಹೆಸರಿಗಾದರೂ ಅದು ಇದ್ದರೆ ಸಾಕು. ಎರಡನೇ ಸಿಮ್ಮಿಗೆ ಆಗಾಗ ಕರೆನ್ಸಿ ಹಾಕಿಸೋ ಖರ್ಚು ನಿಜ. ಬೇಲಿಗೂ ಮುಳ್ಳು ಕಡಿದು ತರಬೇಕಲ್ಲ.

ಕುರುಗೋಡಿನ ಕಿರಾಣಿಯವರಿಗೆ, ಸಿರುಗುಪ್ಪದ ಅಕ್ಕಿ ವ್ಯಾಪಾರಿಗಳಿಗೆ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯೋ ಸಣ್ಣ ಘಟಕದವರಿಗೂ ಇದೇ ಮಾತು. ಅಂಗಡಿಯ ಗೋಡೆಗೆ ಅಂಟಿಸಿದ ಕ್ಯೂಆರ್ ಸಣ್ಣ ಖಾತೆಯದ್ದಿರಲಿ. ಸಂಜೆ ಹಣ ದೊಡ್ಡದಕ್ಕೆ ಸಾಗಿಸಿ. ಗಿರಾಕಿ ತನ್ನ ಫೋನು ತೋರಿಸಿ "ಕಟ್ಟಿದೆ" ಅಂದರೆ ನಂಬಬೇಡಿ, ನಿಮ್ಮ ಖಾತೆಗೆ ಬಂತೋ ನೋಡಿ.

ಅಷ್ಟಾದರೂ ಮೋಸ ಆದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಕಳ್ಳನ ಖಾತೆಯಿಂದ ಮುಂದೆ ಹೋಗೋ ಮೊದಲೇ ತಡೆ ಹಾಕಲು ಆದೀತು. ನಾನು ಮಾನಕ್ಕೆ ಅಂಜಿ ಮೂರು ದಿನ ಯಾರಿಗೂ ಹೇಳಲಿಲ್ಲ. ಹದಿನೈದು ಸಾವಿರಕ್ಕಿಂತ ಅದೇ ನನ್ನ ದೊಡ್ಡ ತಪ್ಪು. ಹೊಲಕ್ಕೆ ಹುಳ ಬಿದ್ದರೆ ಪಕ್ಕದ ಹೊಲದವರಿಗೆ ಕೂಗಿ ಹೇಳ್ತೀವಿ. ಇದನ್ನೂ ಹಾಗೇ ಹೇಳಬೇಕು ಅಂತ ಬರೆದಿದ್ದೇನೆ.