ಜಾತ್ರೆಯ ರಾತ್ರಿಯನ್ನು ಪದಗಳಿಗೆ ಬಿಡಿ

ತಿಂಥಣಿ ಮೌನೇಶ್ವರನ ಜಾತ್ರೆಗೆ ನಾನು ಮೊದಲ ಸಲ ಹೋದದ್ದು ಅಪ್ಪನ ಕೊಲ್ಲಾರಿ ಬಂಡಿಯಲ್ಲಿ. ಭಾರತ ಹುಣ್ಣಿಮೆಯ ಹೊತ್ತು. ಅವ್ವ ಮೂರು ದಿನಕ್ಕಾಗುವಷ್ಟು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬುತ್ತಿ ಕಟ್ಟಿದ್ದಳು. ಕೃಷ್ಣಾ ನದಿಯ ದಂಡೆಗೆ ಎತ್ತು ಬಿಚ್ಚಿ ನೊಗ ಇಳಿಸಿದರೆ ಬಂಡಿಯೇ ಮನೆ, ಮೂರು ಕಲ್ಲು ಹೂಡಿದರೆ ಅದೇ ಅಡುಗೆಮನೆ. ಕತ್ತಲಾದ ಮೇಲೆ ಒಂದೊಂದು ಊರಿನ ಬಂಡಿಗಳ ನಡುವಿನಿಂದ ಏಕತಾರಿ, ದಮ್ಮಡಿ, ತಾಳದ ಸಪ್ಪಳ ಏಳುತ್ತಿತ್ತು.

ಅಪ್ಪ ದಮ್ಮಡಿ ಬಾರಿಸುತ್ತಿದ್ದ. ಹೊಳೆದಂಡೆಯ ಥಂಡಿಗೆ ಚರ್ಮ ಸಡಿಲಾಗುತ್ತದೆ. ಅದನ್ನು ಒಲೆಯ ಕೆಂಡದ ಮೇಲೆ ಹಿಡಿದು, ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಮತ್ತೆ ಕಾಸುತ್ತಿದ್ದ. ನಾದ ಕೂಡಿದ ಮೇಲೆಯೇ ಮೇಳದಲ್ಲಿ ಕೂರುತ್ತಿದ್ದದ್ದು. ಯಾರು ಯಾವ ತತ್ವಪದ ಎತ್ತುತ್ತಾರೆಂದು ಮೊದಲೇ ಯಾರಿಗೂ ಗೊತ್ತಿರುತ್ತಿರಲಿಲ್ಲ. ಒಬ್ಬರು ಪಲ್ಲವಿ ಎತ್ತಿದರೆ ಹಿಮ್ಮೇಳ ಹಿಡಿಯುತ್ತಿತ್ತು. ಪಕ್ಕದ ಊರಿನವರು ಬಂದು ಕೂತು, ಅದೇ ಧಾಟಿಯಲ್ಲಿ ಇನ್ನೊಂದು ಪದದಿಂದ ಉತ್ತರ ಕೊಡುತ್ತಿದ್ದರು. ಹತ್ತು ಸಾಲಿನ ಪದ ಅರ್ಧ ತಾಸು ನಡೆಯುತ್ತಿತ್ತು. "ಯಪ್ಪಾ, ಈ ಪದ ಯಾವಾಗ ಮುಗಿತದ?" ಎಂದು ಕೇಳಿದ್ದೆ. "ಹಾಡವ್ರಿಗೆ ತಿಳಿದಾಗ ಮುಗಿತದ, ನೀ ಮಲಕೋ" ಅಂದಿದ್ದ.

ಈ ಹಾಡುಗಾರಿಕೆಗೆ ದೊಡ್ಡ ಪರಂಪರೆಯೇ ಇದೆ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ದೇವರಗೋನಾಲದಲ್ಲಿ ಹುಟ್ಟಿದ ಮೌನೇಶ್ವರ ಹಿಂದೂಗಳಿಗೆ ಮೌನಪ್ಪಯ್ಯ, ಮುಸ್ಲಿಮರಿಗೆ ಮೌನುದ್ದೀನ. ಪಕ್ಕದ ಕಲಬುರಗಿ ಜಿಲ್ಲೆಯ ಕಡಕೋಳದ ಮಡಿವಾಳಪ್ಪ ತತ್ವಪದಕ್ಕೆ ಗುರುವಾದರೆ, ಅವರ ಶಿಷ್ಯರಲ್ಲಿ ಒಬ್ಬರು ಚನ್ನೂರ ಜಲಾಲಸಾಹೇಬರು. ಜಾತಿ, ಮತ ಕೇಳದೆ ಕೂಡಿ ಕೂತವರ ಬಾಯಲ್ಲಿ ಈ ಪದಗಳು ಇಲ್ಲಿಯ ತನಕ ನಡೆದು ಬಂದಿವೆ. ನಮ್ಮ ಮೇಳದಲ್ಲೂ ಏಕತಾರಿ ಹಿಡಿಯುತ್ತಿದ್ದವರು ಪಿಂಜಾರ ಕಾಕಾ.

ಅಮೆರಿಕದಲ್ಲಿಯೂ ಹೀಗೆ ರಾತ್ರಿ ಉಳಿದು ಹಾಡು ಕೇಳುವ ರೂಢಿ ಇದೆ. 2002ರಲ್ಲಿ ಟೆನೆಸಿ ರಾಜ್ಯದ ಮ್ಯಾಂಚೆಸ್ಟರ್ ಎಂಬ ಸಣ್ಣ ಊರಿನ ಹೊಲದಲ್ಲಿ ಬೊನರೂ ಎಂಬ ಸಂಗೀತೋತ್ಸವ ಶುರುವಾಯಿತು. ಜನ ಡೇರೆ ಹೊಡೆದು ದಿನಗಟ್ಟಲೆ ಅಲ್ಲೇ ಉಳಿಯುತ್ತಾರೆ. ಮೊದಲ ವರ್ಷಗಳಲ್ಲಿ ಅಲ್ಲಿ ನುಡಿಸಿದವರಲ್ಲಿ ಬಹಳಷ್ಟು ಮಂದಿ ಜ್ಯಾಮ್ ಬ್ಯಾಂಡಿನವರು, ಅಂದರೆ ಒಂದು ಹಾಡನ್ನು ಆ ಕ್ಷಣಕ್ಕೆ ಹೊಳೆದಂತೆ ಹಿಗ್ಗಿಸಿ ನುಡಿಸುವವರು. ಅವರ ಹಿರಿಯರು 1965ರಲ್ಲಿ ಕಟ್ಟಿದ ಗ್ರೇಟ್‌ಫುಲ್ ಡೆಡ್ ತಂಡದವರು. ಕೇಳಲು ಬಂದವರು ತಮ್ಮ ಹಾಡನ್ನು ಟೇಪ್ ಮಾಡಿಕೊಳ್ಳಲಿ ಎಂದು 1984ರಲ್ಲಿ ಅವರಿಗೆ ಬೇರೆ ಜಾಗವನ್ನೇ ಬಿಟ್ಟುಕೊಟ್ಟರು. ತಂಡದ ದಾಖಲೆಗಳು 2008ರಲ್ಲಿ ಕ್ಯಾಲಿಫೋರ್ನಿಯಾದ ಒಂದು ವಿಶ್ವವಿದ್ಯಾಲಯಕ್ಕೆ ಸೇರಿದವು. ಐವತ್ತು, ಅರವತ್ತು ವರ್ಷದ ಹಾಡಿಗೆ ಅವರು ಇಷ್ಟು ಮಾಡಿಕೊಂಡರು. ನೂರಾರು ವರ್ಷದ ಪದಗಳಿಗೆ ನಾವೇನು ಮಾಡಿದ್ದೇವೆ?

ರಾಜ್ಯ ಸರ್ಕಾರದ ಕನಕದಾಸ ಅಧ್ಯಯನ ಕೇಂದ್ರ ತತ್ವಪದಗಳನ್ನು ಸಂಪುಟಗಳಲ್ಲಿ ಅಚ್ಚು ಹಾಕಿಸಿದೆ. ಅದು ದೊಡ್ಡ ಕೆಲಸ. ಆದರೆ ಅಚ್ಚಿನಲ್ಲಿ ಸಾಲು ಉಳಿಯುತ್ತದೆ, ಧಾಟಿ ಉಳಿಯುವುದಿಲ್ಲ. ಅಪ್ಪನ ಪದಗಳ ನೋಟುಬುಕ್ಕು ನನ್ನ ಟ್ರಂಕಿನಲ್ಲಿದೆ. ಅವನ ಮೇಳದ ಹಾಡಿದ್ದ ಒಂದೇ ಕ್ಯಾಸೆಟ್ಟು ಬೂಷ್ಟು ಹಿಡಿದು, ರೀಲು ಅಂಟಿಕೊಂಡು ಹಾಳಾಯಿತು. ಆ ನೋಟುಬುಕ್ಕಿನ ಕೆಲವು ಪದಗಳನ್ನು ನಾನು ಓದಬಲ್ಲೆ, ಹಾಡಲಾರೆ.

ಜಾತ್ರೆಗಳಲ್ಲಿ ಪದ ಕಡಿಮೆಯಾದದ್ದಕ್ಕೆ ಹುಡುಗರನ್ನಷ್ಟೇ ಬೈಯುವುದು ತಪ್ಪು. ನಾರಾಯಣಪುರ ಅಣೆಕಟ್ಟಿನ ಕಾಲುವೆ ನೀರು ಬಂತು, ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ರಸ್ತೆ ಸುಧಾರಿಸಿತು. ಒಳ್ಳೆಯದೇ ಆಯಿತು. ಆದರೆ ಸಂಜೆ ಬಂದವರು ಕಾಯಿ ಒಡೆಸಿಕೊಂಡು ಅದೇ ರಾತ್ರಿ ತಿರುಗಿ ಹೊರಟರು. ಬಂಡಿಯವರು ಉಳಿದದ್ದಕ್ಕೇ ಪದ ಬೆಳೆದಿತ್ತು. ಉಳಿಯುವುದು ನಿಂತಿತು, ಸವಾಲ್ ಜವಾಬೂ ನಿಂತಿತು. ಖಾಲಿಯಾದ ಆ ಹೊತ್ತನ್ನು ಡಿಜೆ ತುಂಬಿತು. ಎರಡು ವರ್ಷದ ಹಿಂದೆ ನಮ್ಮ ಸುತ್ತಿನ ಒಂದು ಜಾತ್ರೆಯಲ್ಲಿ ಎಪ್ಪತ್ತು ದಾಟಿದ ಹಾಡುಗಾರರೊಬ್ಬರು ಪಲ್ಲವಿ ಎತ್ತಿ, ತಮ್ಮ ದನಿ ತಮಗೇ ಕೇಳದೆ, ಏಕತಾರಿಯನ್ನು ಬಟ್ಟೆಯಲ್ಲಿ ಸುತ್ತಿ ಎದ್ದು ಹೋದರು. ಆ ನೋವು ನನ್ನಿಂದ ಇನ್ನೂ ಹೋಗಿಲ್ಲ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸಬಾರದೆಂದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳೇ ಹೇಳುತ್ತವೆ. ಜಾರಿ ಮಾಡುವುದು ಕಷ್ಟ ಅನ್ನುವಂತಿಲ್ಲ. ಮೈಲಾಪುರದ ಮೈಲಾರಲಿಂಗನ ಜಾತ್ರೆಯಲ್ಲಿ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವುದನ್ನು ತಡೆಯಲು ಇದೇ ಯಾದಗಿರಿ ಜಿಲ್ಲಾಡಳಿತ ದಾರಿದಾರಿಗೆ ಚೆಕ್‌ಪೋಸ್ಟ್ ಹಾಕುತ್ತದೆ. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಾನು ಕೇಳುವುದು ಮೂರೇ. ತಿಂಥಣಿಯಿಂದ ಹಿಡಿದು ಶಹಾಪುರ, ಯಾದಗಿರಿ ಸೀಮೆಯ ದೊಡ್ಡ ಜಾತ್ರೆಗಳಲ್ಲಿ ರಾತ್ರಿ ಉಳಿಯುವವರಿಗೆ ಒಂದು ಬಯಲು ಗೊತ್ತು ಮಾಡಿ, ಅಲ್ಲಿ ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ, ದೀಪ ಇರಲಿ. ಹತ್ತರ ಮೇಲೆ ಡಿಜೆ ಬಂದ್ ಆಗಲಿ. ಬಂದ ಪ್ರತಿ ಮೇಳದ ಹಾಡನ್ನು ಊರು, ಹೆಸರು, ಧಾಟಿಯ ಸಮೇತ ಧ್ವನಿಮುದ್ರಿಸಿ ಜಿಲ್ಲಾ ಗ್ರಂಥಾಲಯದಲ್ಲಿ ಎಲ್ಲರಿಗೂ ಕೇಳಲು ಸಿಗುವಂತೆ ಇಡಲಿ. ಇದಕ್ಕೆ ದೊಡ್ಡ ವೇದಿಕೆ, ಹಾರ, ಶಾಲು ಯಾವುದೂ ಬೇಡ.

ಓದುಗರಿಗೂ ಒಂದು ಮಾತು. ಮುಂದಿನ ಭಾರತ ಹುಣ್ಣಿಮೆಗೆ ತಿಂಥಣಿಗೆ ಹೋದರೆ ಅದೇ ರಾತ್ರಿ ತಿರುಗಿ ಬರಬೇಡಿ. ಒಂದು ಕೌದಿ, ಒಂದು ಬುತ್ತಿಗಂಟು ಒಯ್ಯಿರಿ. ನಾಲ್ಕು ಮಂದಿ ಕೂತು ಹಾಡುತ್ತಿದ್ದರೆ ಹತ್ತಿರ ಹೋಗಿ ಕುಂದರ್ರಿ. ಕೇಳುವವರು ಉಳಿದರೆ ಹಾಡುವವರೂ ಉಳಿಯುತ್ತಾರೆ.