ಬಿಗಿದ ಚೆಂಡೆಗೆ ಇನ್ನೆಷ್ಟು ಬಿಗಿತ?

ಗಣಕಯಂತ್ರ ಕೊಳ್ಳಹೊರಟ ವಿದ್ಯಾರ್ಥಿಗಳ ನಡುವೆ ಒಂದು ಮಾತು ಚಾಲ್ತಿಯಲ್ಲಿದೆ: ಹೊಸ ಪ್ರೊಸೆಸರುಗಳು ಹಳೆಯವುಗಳಿಗಿಂತ ಚೆನ್ನಾಗಿ ಓವರ್‌ಕ್ಲಾಕ್ ಆಗುತ್ತವೆ, ಆದುದರಿಂದ ಬೆಲೆ ಹೆಚ್ಚಾದರೂ ಅಂಥದನ್ನೇ ಕೊಳ್ಳಬೇಕು. ಕನ್ನಡ ಐಚ್ಛಿಕದವರಿಗೆ ಈ ಚರ್ಚೆ ಪರಕೀಯವೆನಿಸಬೇಕಾಗಿಲ್ಲ. ಪ್ರಬಂಧದ ಬೆರಳಚ್ಚು, ಹಳೆಯ ಮುದ್ರಿತ ಪುಟಗಳ ಅಕ್ಷರ ಗುರುತಿಸುವಿಕೆ, ಎಲ್ಲವೂ ಈಗ ಯಂತ್ರದ ಮೇಲೆಯೇ, ಹಣವಾದರೋ ಮನೆಯವರದು. ಮೇಲಾಗಿ ಆ ವಾಕ್ಯದ ‘ಚೆನ್ನಾಗಿ’ ಎಂಬ ಪದದಲ್ಲಿ ಎರಡು ಅರ್ಥಗಳು ಅಡಗಿವೆ. ಅವನ್ನು ಬಿಡಿಸುವುದು ಭಾಷಾ ವಿದ್ಯಾರ್ಥಿಯ ಕೆಲಸವೇ.

ಕಂಪ್ಯೂಟರನ್ನು ಮರಾಠಿ ‘ಸಂಗಣಕ’ವೆಂದೂ ಕನ್ನಡ ‘ಗಣಕ’ವೆಂದೂ ತಮ್ಮದಾಗಿಸಿಕೊಂಡವು. ಓವರ್‌ಕ್ಲಾಕಿಂಗ್ ಮಾತ್ರ ಬಂದ ವೇಷದಲ್ಲಿಯೇ ಉಳಿದಿದೆ. ಕ್ಲಾಕನ್ನು ಗಡಿಯಾರವೆಂದು ಅನುವಾದಿಸಿದರೆ ದಾರಿ ತಪ್ಪುತ್ತದೆ. ಇಲ್ಲಿ ಅದು ತಾಳದ ಪೆಟ್ಟು. 3 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 300 ಕೋಟಿ ಪೆಟ್ಟು. ತಯಾರಕರು ನಿಗದಿಪಡಿಸಿದ ಲಯವನ್ನು ಬಳಸುವವನೇ ಏರಿಸಿಕೊಳ್ಳುವುದು ಓವರ್‌ಕ್ಲಾಕಿಂಗ್.

1998ರಲ್ಲಿ ಇಂಟೆಲ್ ಹೊರತಂದ ಸೆಲೆರಾನ್ 300ಎ ಅಗ್ಗದ ಪ್ರೊಸೆಸರು. ವೇಗ 300 ಮೆಗಾಹರ್ಟ್ಸ್. ಮದರ್‌ಬೋರ್ಡಿನ ಬಸ್ ವೇಗವನ್ನು 66ರಿಂದ 100ಕ್ಕೆ ಏರಿಸಿದರೆ ಅದೇ ಪ್ರೊಸೆಸರು, ಸಾಮಾನ್ಯ ಫ್ಯಾನಿನ ಗಾಳಿಯಲ್ಲಿಯೇ, ಬಹುಮಟ್ಟಿಗೆ 450ರಲ್ಲಿ ಓಡುತ್ತಿತ್ತು. ಅರ್ಧಕ್ಕರ್ಧ ಹೆಚ್ಚಳ, ಅದೂ ಕಾಸಿಲ್ಲದೆ! 2024ರ ಕೋರ್ ಐ9-14900ಕೆಎಸ್ ಕಾರ್ಖಾನೆಯಿಂದಲೇ 6.2 ಗಿಗಾಹರ್ಟ್ಸ್‌ವರೆಗೆ ಏರಬಲ್ಲದು. ನಿಪುಣರು ಅದನ್ನು 9.1ಕ್ಕೆ ಮುಟ್ಟಿಸಿ ದಾಖಲೆ ಮಾಡಿದರು. ಆದರೆ ಅದಕ್ಕೆ ಸೊನ್ನೆಗಿಂತ 269 ಡಿಗ್ರಿ ಕೆಳಗೆ ಕುದಿಯುವ ದ್ರವ ಹೀಲಿಯಂ ಬೇಕಾಯಿತು. ಹೆಚ್ಚಳದ ಪ್ರಮಾಣವಾದರೂ ಎಷ್ಟು? ಸೆಲೆರಾನಿನದಕ್ಕಿಂತ ತುಸು ಕಡಿಮೆಯೇ. ಮುಟ್ಟಿದ ಎತ್ತರವನ್ನು ಕೇಳಿದರೆ ಹೊಸತು ಗೆದ್ದಿದೆ. ಏರಿದ ಪಾಲನ್ನು ಕೇಳಿದರೆ ಹಳೆಯದು.

ಕಾರಣ ಕುಂಬಳೆ ಸೀಮೆಯ ಯಕ್ಷಗಾನ ಕಂಡವರಿಗೆ ಸುಲಭವಾಗಿ ಹೊಳೆದೀತು. ಸಡಿಲವಾಗಿರುವ ಚೆಂಡೆಯ ಹಗ್ಗವನ್ನು ಬಿಗಿದಷ್ಟೂ ನಾದ ಏರುತ್ತದೆ. ಶ್ರುತಿಗೆ ಬಿಗಿದಾದ ಚೆಂಡೆಯನ್ನು ಮತ್ತೂ ಎಳೆದರೆ ಮುಚ್ಚಿಗೆ ಹರಿಯುತ್ತದೆ. ಹಿಂದೆ ಕಂಪನಿಗಳು ಸುರಕ್ಷತೆಗಾಗಿ ಸಡಿಲ ಬಿಟ್ಟು ಮಾರುತ್ತಿದ್ದವು. 2008ರಲ್ಲಿ ಇಂಟೆಲ್ಲಿನ ಟರ್ಬೊ ಬೂಸ್ಟ್ ಬಂದ ಮೇಲೆ, ಶಾಖಕ್ಕೆ ಅವಕಾಶವಿರುವಷ್ಟು ವೇಗವನ್ನು ಪ್ರೊಸೆಸರು ತಾನೇ ಏರಿಸಿಕೊಳ್ಳತೊಡಗಿತು. ಉಳಿದ ಅಲ್ಪಸ್ವಲ್ಪ ಸ್ವಾತಂತ್ರ್ಯಕ್ಕೂ ಬೇರೆ ಬೆಲೆ: ಇಂಟೆಲ್ಲಿನ ಹೊಸ ತಲೆಮಾರುಗಳಲ್ಲಿ ಹೆಸರಿನ ಕೊನೆಗೆ ‘ಕೆ’ ಅಕ್ಷರವಿರುವ ದುಬಾರಿ ಮಾದರಿಗಳಿಗಷ್ಟೇ ಸಾಮಾನ್ಯವಾಗಿ ಬೀಗ ತೆರೆದಿರುತ್ತದೆ. ಬಳಸುವವನಿಗೆ ಪುಕ್ಕಟೆ ಸಿಗುತ್ತಿದ್ದುದನ್ನು ಕಂಪನಿಯೇ ಹಿಂಡಿ ಮಾರುತ್ತಿದೆ ಎಂದರೆ ತಪ್ಪಾಗದು.

ತಾಳದ ವೇಗವೊಂದೇ ಸಾಮರ್ಥ್ಯದ ಅಳತೆಯಲ್ಲ ಎಂಬುದಕ್ಕೆ ಸಾಕ್ಷಿ ಬೆಂಗಳೂರಿನಲ್ಲಿಯೇ ಇದೆ. ಇಂಟೆಲ್ಲಿನ ಅಲ್ಲಿನ ಕೇಂದ್ರದಲ್ಲಿ ವಿನ್ಯಾಸಗೊಂಡು 2008ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಕ್ಸಿಯಾನ್ 7400 ಸರಣಿಯ ಗರಿಷ್ಠ ವೇಗ 2.66 ಗಿಗಾಹರ್ಟ್ಸ್. ನಾಲ್ಕು ವರ್ಷ ಮೊದಲೇ ಪೆಂಟಿಯಂ 4 ಎಂಬುದು 3.8ನ್ನು ಮುಟ್ಟಿತ್ತು. ಆದರೆ ಬೆಂಗಳೂರಿನದಕ್ಕೆ ಆರು ಕೋರುಗಳು. ಒಬ್ಬನೇ ಓಡುವ ಬದಲು ಆರು ಮಂದಿ ಹೊರೆ ಹಂಚಿಕೊಂಡಂತೆ.

ಅತಿಬಿಗಿತದ ಫಲವೂ ಕಾಣಿಸಿಕೊಂಡಿದೆ. ಇಂಟೆಲ್ಲಿನ 13 ಮತ್ತು 14ನೆಯ ತಲೆಮಾರಿನ ಹಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜಿನಿಂದ ಸವೆದು ಅಸ್ಥಿರವಾದವು. 2024ರಲ್ಲಿ ಕಂಪನಿ ತಿದ್ದುಪಡಿಯ ತಂತ್ರಾಂಶ ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಬೇಕಾಯಿತು.

ಲಯ ಏರಿಸಲು ವೋಲ್ಟೇಜ್ ಏರಿಸಬೇಕು. ವಿದ್ಯುತ್ತಿನ ಬಳಕೆ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ, ಅದೆಲ್ಲವೂ ಶಾಖವಾಗುತ್ತದೆ. ಫ್ಯಾನು ಎಷ್ಟೇ ತಿರುಗಿದರೂ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗಾಗಿಸದು. ಕಾಸರಗೋಡಿನ ಏಪ್ರಿಲ್ ತಿಂಗಳ ಕೋಣೆಯಲ್ಲಿ ಕುಳಿತವರಿಗೆ ಹೆಚ್ಚು ಹೇಳಬೇಕಾಗಿಲ್ಲ. ನುಡಿಯಲ್ಲಿ ಅಕ್ಷರ ಮೂಡಿಸಲು ಆರು ಗಿಗಾಹರ್ಟ್ಸ್ ಬೇಡ. ‘ಕೆ’ ಅಕ್ಷರಕ್ಕೂ ದೊಡ್ಡ ಫ್ಯಾನಿಗೂ ಸುರಿಯುವ ಹಣದಲ್ಲಿ 16 ಜಿಬಿ ರ‍್ಯಾಮ್ ಹಾಕಿಸಿಕೊಳ್ಳುವುದು ಲೇಸು. ಮನೆಯಲ್ಲಿ ಹಳೆಯ ಯಂತ್ರವಿದ್ದರೆ ಅದರ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ, ಹೊಸದನ್ನು ಕೊಳ್ಳುವ ಮಾತನ್ನೇ ಪದವಿ ಮುಗಿಯುವವರೆಗೆ ಮುಂದೂಡಬಹುದು.